ಕಣ್ಣುರಿಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲವೇ? ಮೆಡಿಕಲ್ ಶಾಪ್‌ಗೆ ಹೋಗಿ ಡ್ರಾಪ್ಸ್ ಕೇಳುವ ಮುನ್ನ ಇದನ್ನು ಓದಿ

ಕೂಡ್ಲಿಗಿ: ‘ಹಗಲೆಲ್ಲಾ ಹೆಂಗೋ ನಡಿತೈತ್ರಿ, ರಾತ್ರಿ ಮಲಗಿದ ಮ್ಯಾಲೆ ಕಣ್ಣಾಗ ಉಸುಕು ಹಾಕಿದಂಗ ಆಗ್ತೈತಿ, ನಿದ್ದಿ ಹತ್ತವಲ್ದು’ ಅನ್ನೋ ಮಾತು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಕಡೆ ಯಾರಿಗೂ ಹೊಸದಲ್ಲ. ಬೇಸಿಗೆ ಬಂದರೆ, ಸುಗ್ಗಿ ಶುರುವಾದರೆ, ಇಡೀ ದಿನ ಗಲ್ಲಾ ಪೆಟ್ಟಿಗೆ ಮುಂದೆ ಕೂತು ರಾತ್ರಿ ಮೊಬೈಲ್ ಹಿಡಿದರೆ ಈ ತೊಂದರೆ ಇನ್ನೂ ಜಾಸ್ತಿ.

ಹೆಚ್ಚಿನವರು ಇದನ್ನು ‘ಉಷ್ಣ’ ಅಂತ ಬಿಟ್ಟುಬಿಡುತ್ತಾರೆ. ಕೆಲವರು ನೆತ್ತಿಗೆ ಹರಳೆಣ್ಣೆ ಹಚ್ಚಿ ಮಲಗುತ್ತಾರೆ. ಇನ್ನು ಕೆಲವರು ಅಂಗಡಿ ಬಾಗಿಲು ಹಾಕಿ ಮನೆಗೆ ಹೋಗುವಾಗ ಮೆಡಿಕಲ್ ಶಾಪ್ ಮುಂದೆ ನಿಂತು ‘ಕಣ್ಣಿಗೆ ಒಂದು ಡ್ರಾಪ್ಸ್ ಕೊಡ್ರಿ’ ಅನ್ನುತ್ತಾರೆ. ಹೀಗೆ ಉರಿಯುವ ಕಣ್ಣುಗಳಲ್ಲಿ ಬಹಳಷ್ಟು, ವೈದ್ಯರು ‘ಡ್ರೈ ಐ’ ಎನ್ನುವ, ಕಣ್ಣು ಒಣಗುವ ತೊಂದರೆಯವು. ಇದನ್ನು ಮನೆಯಲ್ಲೇ ಕಡಿಮೆ ಖರ್ಚಿನಲ್ಲಿ ಬಹುಮಟ್ಟಿಗೆ ಹತೋಟಿಗೆ ತರಬಹುದು. ಆದರೆ ಕೇಳದೆ ಹಾಕಿಕೊಂಡ ತಪ್ಪು ಹನಿಯಿಂದ ದೃಷ್ಟಿಯೇ ಹೋಗುವ ಅಪಾಯವೂ ಇದೆ. ಹಾಗಾಗಿ ಈ ಬಗ್ಗೆ ಒಂದಿಷ್ಟು ವಿವರ.

ಕಣ್ಣು ಒಣಗುವುದು ಅಂದರೆ ಏನು?

ನಾವು ಅತ್ತಾಗ ಬರುವ ಕಣ್ಣೀರು ಬೇರೆ, ಸದಾ ಕಣ್ಣಿನ ಮೇಲೆ ತೆಳುವಾಗಿ ಹರಡಿರುವ ನೀರಿನ ಪದರ ಬೇರೆ. ಈ ಪದರದಲ್ಲಿ ಮೂರು ಅಂಶ ಇರುತ್ತವೆ. ಕಣ್ಣಿಗೆ ಅಂಟಿಕೊಂಡಿರುವುದು ಲೋಳೆ. ಅದರ ಮೇಲೆ ನೀರು. ಎಲ್ಲಕ್ಕಿಂತ ಮೇಲೆ ಎಣ್ಣೆಯಂಥ ಜಿಡ್ಡು. ಈ ಜಿಡ್ಡು ರೆಪ್ಪೆಯ ಅಂಚಿನಲ್ಲಿರುವ ಸಣ್ಣ ಗ್ರಂಥಿಗಳಿಂದ ಬರುತ್ತದೆ. ನೀರು ಬೇಗ ಆರಿಹೋಗದಂತೆ ತಡೆಯುವುದು ಇದೇ.

ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ಕಣ್ಣು ಮಿಟುಕಿಸುತ್ತೇವೆ. ಪ್ರತಿ ಸಲ ಮಿಟುಕಿಸಿದಾಗಲೂ ರೆಪ್ಪೆ ಈ ಪದರವನ್ನು ಮತ್ತೆ ಸಮನಾಗಿ ಹರಡುತ್ತದೆ. ನೀರು ಕಡಿಮೆ ಬಂದರೂ, ಜಿಡ್ಡು ಕಟ್ಟಿಕೊಂಡು ಹೊರಗೆ ಬರದಿದ್ದರೂ, ಮಿಟುಕಿಸುವುದು ಕಡಿಮೆಯಾದರೂ ಪದರ ಅಲ್ಲಲ್ಲಿ ಹರಿದುಹೋಗುತ್ತದೆ. ಕಪ್ಪುಗುಡ್ಡೆಯ ಮುಂದಿರುವ ಗಾಜಿನಂಥ ಭಾಗಕ್ಕೆ ಕಾರ್ನಿಯಾ ಅಂತಾರೆ. ಮೈಯಲ್ಲೇ ಅತಿ ಹೆಚ್ಚು ನರಗಳ ತುದಿ ಇರುವ ಜಾಗಗಳಲ್ಲಿ ಅದೂ ಒಂದು. ಅದರ ಮೇಲೆ ಸ್ವಲ್ಪ ಒಣಗಿದರೂ ಉರಿ, ಚುಚ್ಚು, ಉಸುಕು ಬಿದ್ದ ಅನುಭವ ಶುರುವಾಗುತ್ತದೆ.

ಇನ್ನೊಂದು ವಿಚಿತ್ರ ಏನೆಂದರೆ, ಕಣ್ಣು ಒಣಗಿದವರಿಗೆ ಒಮ್ಮೊಮ್ಮೆ ಕಣ್ಣಲ್ಲಿ ನೀರು ಸುರಿಯುತ್ತದೆ. ಉರಿ ಹೆಚ್ಚಾದಾಗ ಮೆದುಳು ಒಮ್ಮೆಲೇ ನೀರು ಬಿಡಿಸುತ್ತದೆ. ಆದರೆ ಆ ನೀರಲ್ಲಿ ಜಿಡ್ಡಿನ ಅಂಶ ಸಾಕಷ್ಟು ಇರುವುದಿಲ್ಲ, ಹಾಗಾಗಿ ಅದು ಕೆನ್ನೆ ಮೇಲೆ ಇಳಿದು ಹೋಗುತ್ತದೆಯೇ ಹೊರತು ಕಣ್ಣಿನ ಮೇಲೆ ನಿಲ್ಲುವುದಿಲ್ಲ. ‘ನನ್ನ ಕಣ್ಣಲ್ಲಿ ನೀರು ಬರ್ತೈತಿ, ಒಣಗೋದು ಎಲ್ಲಿಂದ ಬಂತು’ ಅನ್ನುವವರು ಇದನ್ನು ಗಮನಿಸಬೇಕು.

ರಾತ್ರಿಯೇ ಯಾಕೆ ಹೆಚ್ಚು?

ಇದಕ್ಕೆ ಮುಖ್ಯವಾಗಿ ನಾಲ್ಕು ಕಾರಣ.

ಒಂದು, ದಿನವಿಡೀ ಧೂಳು, ಬಿಸಿಲು, ಗಾಳಿ, ಮೊಬೈಲ್‌ಗೆ ಒಡ್ಡಿಕೊಂಡ ಕಣ್ಣು ಸಂಜೆ ಹೊತ್ತಿಗೆ ದಣಿದಿರುತ್ತದೆ. ಹಗಲು ಗಿರಾಕಿ, ಲೆಕ್ಕ, ಮಾತು ಅಂತ ಗಮನ ಬೇರೆ ಕಡೆ ಇರುವುದರಿಂದ ಉರಿ ಅಷ್ಟಾಗಿ ಗೊತ್ತಾಗುವುದಿಲ್ಲ. ಕತ್ತಲಲ್ಲಿ ಸುಮ್ಮನೆ ಮಲಗಿದಾಗ ಅದೊಂದೇ ಗೊತ್ತಾಗುತ್ತದೆ.

ಎರಡು, ನಿದ್ದೆಯ ಸಮಯದಲ್ಲಿ ಕಣ್ಣೀರು ಉತ್ಪತ್ತಿ ಬಹಳ ಕಡಿಮೆಯಾಗುತ್ತದೆ. ಆಗ ಕಣ್ಣನ್ನು ಕಾಪಾಡುವುದು ಮುಚ್ಚಿದ ರೆಪ್ಪೆ ಮಾತ್ರ. ಕೆಲವರಿಗೆ ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ, ಕೆಳಗೆ ಒಂದು ಎಳೆಯಷ್ಟು ತೆರೆದೇ ಇರುತ್ತದೆ. ಅವರಿಗೆ ಇದು ಗೊತ್ತೇ ಇರುವುದಿಲ್ಲ. ಬೆಳಗಿನ ಜಾವ ಕಣ್ಣು ಬಿಡಲಾಗದಷ್ಟು ಉರಿ ಇದ್ದರೆ, ಎದ್ದ ಕೂಡಲೇ ನೋವು ಜಾಸ್ತಿ ಇದ್ದರೆ ಈ ಅನುಮಾನ ಪಡಬೇಕು. ನೀವು ಗಾಢ ನಿದ್ದೆಯಲ್ಲಿದ್ದಾಗ ಮನೆಯವರಿಗೆ ಸಣ್ಣ ಬೆಳಕಿನಲ್ಲಿ ನೋಡಲು ಹೇಳಿ. ರೆಪ್ಪೆಗಳ ನಡುವೆ ಬಿಳಿ ಗೆರೆ ಕಂಡರೆ ವೈದ್ಯರಿಗೆ ಅದನ್ನು ಹೇಳಿ. ಮುಖದ ಒಂದು ಕಡೆ ಸೊಟ್ಟಗಾದವರು, ಥೈರಾಯ್ಡ್‌ನಿಂದ ಕಣ್ಣು ಉಬ್ಬಿದವರು ಇದನ್ನು ತಪ್ಪದೆ ನೋಡಿಸಿಕೊಳ್ಳಬೇಕು. ಜೋರು ಗೊರಕೆ ಹೊಡೆಯುವ ದಪ್ಪ ಮೈಯವರಿಗೂ ರೆಪ್ಪೆ ಸಡಿಲವಾಗಿ ಈ ತೊಂದರೆ ಬರುವುದುಂಟು.

ಮೂರು, ಫ್ಯಾನ್. ಮುಖಕ್ಕೆ ನೇರ ಬೀಸುವ ಗಾಳಿ ರಾತ್ರಿಯಿಡೀ ಕಣ್ಣಿನ ತೇವ ಹೀರುತ್ತದೆ.

ನಾಲ್ಕು, ಮೊಬೈಲ್. ಪರದೆ ನೋಡುವಾಗ ಮಿಟುಕಿಸುವುದು ಅರ್ಧಕ್ಕೂ ಕಡಿಮೆಯಾಗಬಹುದು. ಮಿಟುಕಿಸಿದರೂ ರೆಪ್ಪೆ ಪೂರ್ತಿ ಕೂಡುವುದಿಲ್ಲ. ಜೊತೆಗೆ ರಾತ್ರಿಯ ಬೆಳಕು ನಿದ್ದೆ ತರುವ ಮೆಲಟೋನಿನ್ ಅನ್ನೋ ಹಾರ್ಮೋನನ್ನೂ ತಗ್ಗಿಸುತ್ತದೆ. ಕಣ್ಣು ಉರಿಯುತ್ತದೆ, ನಿದ್ದೆ ಬರುವುದಿಲ್ಲ, ಹೊತ್ತು ಕಳೆಯಲು ಮತ್ತೆ ಮೊಬೈಲ್. ಅದರಿಂದ ಇನ್ನಷ್ಟು ಉರಿ.

ನಿದ್ದೆ ಕೆಟ್ಟರೆ ಕಣ್ಣೂ ಕೆಡುತ್ತದೆ

ಕಣ್ಣುರಿಯಿಂದ ನಿದ್ದೆ ಹೋಗುತ್ತದೆ ಅನ್ನೋದು ಒಂದು ಕಡೆಯಾದರೆ, ನಿದ್ದೆಗೆಟ್ಟರೆ ಕಣ್ಣು ಇನ್ನಷ್ಟು ಒಣಗುತ್ತದೆ ಅನ್ನೋದೂ ನಿಜ. ದಕ್ಷಿಣ ಕೊರಿಯಾದ ಒಂದು ಅಧ್ಯಯನದಲ್ಲಿ (2014) ಆರೋಗ್ಯವಂತ ಗಂಡಸರನ್ನು ಒಂದು ರಾತ್ರಿ ನಿದ್ದೆಯಿಲ್ಲದೆ ಕೂರಿಸಿ ಬೆಳಿಗ್ಗೆ ಪರೀಕ್ಷಿಸಿದಾಗ, ನಿದ್ದೆ ಮಾಡಿದವರಿಗಿಂತ ಅವರ ಕಣ್ಣೀರು ಕಡಿಮೆಯಾಗಿತ್ತು, ಇದ್ದ ಕಣ್ಣೀರಿನಲ್ಲಿ ಉಪ್ಪಿನಂಶದ ಸಾಂದ್ರತೆ ಹೆಚ್ಚಿತ್ತು. ನೆದರ್ಲೆಂಡ್ಸ್‌ನಲ್ಲಿ 71 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ನೋಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಣ್ಣು ಒಣಗುವ ತೊಂದರೆ ಇರುವವರಲ್ಲಿ 100ಕ್ಕೆ ಸುಮಾರು 36 ಮಂದಿಗೆ ನಿದ್ದೆ ಸರಿ ಇರಲಿಲ್ಲ. ತೊಂದರೆ ಇಲ್ಲದವರಲ್ಲಿ ಇದು 100ಕ್ಕೆ ಸುಮಾರು 25.

ನಮ್ಮ ಕಡೆ ನಿದ್ದೆಗೆಡಲು ಕಾರಣ ಹುಡುಕಬೇಕಾಗಿಲ್ಲ. ರಾತ್ರಿ ತ್ರಿಫೇಸ್ ಕರೆಂಟ್ ಬಂದಾಗ ಮೋಟರ್ ಹಚ್ಚಲು ಹೊಲಕ್ಕೆ ಹೋಗುವ ರೈತರು, ಹಡಗಲಿ ಸೀಮೆಯಲ್ಲಿ ಮಲ್ಲಿಗೆ ಮೊಗ್ಗು ಬಿಡಿಸಲು ನಸುಕಿನಲ್ಲೇ ಏಳುವ ಹೆಣ್ಣುಮಕ್ಕಳು, ಕೂಡ್ಲಿಗಿ ಮೇಲೆ ಹಾದುಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ಲಾರಿ ಓಡಿಸುವವರು, ಇವರಿಗೆಲ್ಲ ತುಂಡು ತುಂಡು ನಿದ್ದೆ. ಕಣ್ಣುರಿ ಇರುವ ಡ್ರೈವರ್‌ಗೆ ಎದುರು ಗಾಡಿಯ ಲೈಟ್ ಒಡೆದಂತೆ ಹರಡಿ ಕಾಣುತ್ತದೆ. ಇದು ಅವರೊಬ್ಬರಿಗಷ್ಟೇ ಅಪಾಯವಲ್ಲ.

ನಮ್ಮ ಭಾಗದಲ್ಲಿ ಯಾರಿಗೆ ಹೆಚ್ಚು?

ನಮ್ಮದು ಬಯಲುಸೀಮೆ. ಹಡಗಲಿ, ಹರಪನಹಳ್ಳಿಯ ಅಂಚಿಗೆ ತುಂಗಭದ್ರೆ ಇದ್ದರೂ ಒಳಭಾಗದ ಊರುಗಳಲ್ಲಿ ವರ್ಷದ ಬಹುಪಾಲು ಒಣ ಹವೆಯೇ. ಮಾರ್ಚ್‌ನಿಂದ ಮೇ ತನಕ ಬಿಸಿಗಾಳಿ. ಮುಂಗಾರು ಶುರುವಾದರೆ ಬೀಸುಗಾಳಿ. ಚಳಿಗಾಲದಲ್ಲಿ ಒಣಗಾಳಿ ಜೊತೆಗೆ ರಾಶಿ ಮಾಡುವ ಧೂಳು.

• ಸುಗ್ಗಿ ಕೆಲಸದವರು: ಮೆಕ್ಕೆಜೋಳ, ಶೇಂಗಾ, ಸಜ್ಜೆ, ಜೋಳದ ರಾಶಿ ಮಾಡುವಾಗ ಮಷಿನ್‌ನಿಂದ ಹಾರುವ ಹೊಟ್ಟು ಕಣ್ಣಿಗೆ ನೇರ ಬೀಳುತ್ತದೆ. ಎಪಿಎಂಸಿ ಹಮಾಲರಿಗೂ ಇದೇ ಪಾಡು.

• ಅಂಗಡಿಯವರು: ರಸ್ತೆಗೆ ಮುಖ ಮಾಡಿದ ಅಂಗಡಿ, ಎದುರಿಗೆ ಟೇಬಲ್ ಫ್ಯಾನ್, ಕೈಯಲ್ಲಿ ಮೊಬೈಲ್. ಮೂರೂ ಸೇರಿದರೆ ಕಣ್ಣು ಒಣಗಲು ಬೇರೆ ಕಾರಣ ಬೇಡ. ಹಿಟ್ಟಿನ ಗಿರಣಿ, ಖಾರದಪುಡಿ ಮಷಿನ್ ನಡೆಸುವವರಿಗೆ ಪುಡಿಯ ಕಾಟ ಬೇರೆ.

• ಹೋಟೆಲ್, ಮಿರ್ಚಿ ಬಂಡಿ, ಮಂಡಕ್ಕಿ ಭಟ್ಟಿಯವರು: ಹೊಗೆ, ಬಿಸಿ, ಎಣ್ಣೆಯ ಆವಿ.

• ಮನೆಯಲ್ಲಿ ಗ್ಯಾಸ್ ಇದ್ದರೂ ನೀರು ಕಾಯಿಸಲು, ರೊಟ್ಟಿ ಬಡಿಯಲು ಸೌದೆ ಒಲೆ ಹಚ್ಚುವ ಹೆಣ್ಣುಮಕ್ಕಳು. ಮುಟ್ಟು ನಿಲ್ಲುವ ವಯಸ್ಸು ದಾಟಿದ ಮಹಿಳೆಯರಲ್ಲಿ ಹಾರ್ಮೋನ್ ಬದಲಾವಣೆಯಿಂದಲೂ ಕಣ್ಣು ಒಣಗುವುದು ಹೆಚ್ಚು.

• ಸಕ್ಕರೆ ಕಾಯಿಲೆ ಇರುವವರು, ಕೀಲುವಾತ ಇರುವವರು, ಇತ್ತೀಚೆಗೆ ಪೊರೆ ಆಪರೇಷನ್ ಆದವರು.

• ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವವರು. ತಂಪಿಗೆ ಅಂತ ಹೋದರೂ ರಾತ್ರಿಯಿಡೀ ಗಾಳಿ, ಧೂಳು ಮುಖಕ್ಕೆ ಬಡಿಯುತ್ತದೆ.

ಉರಿ ಬೇರೆ, ತುರಿಕೆ ಬೇರೆ, ಗೀಜು ಬೇರೆ

ಕಣ್ಣು ಕೆಂಪಾದರೆ ಎಲ್ಲವೂ ಒಂದೇ ಅಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ತಪ್ಪು ಔಷಧಿ ತಪ್ಪುತ್ತದೆ.

ಉರಿ, ಉಸುಕು ಬಿದ್ದಂಗೆ, ಸಂಜೆಗೆ ಜಾಸ್ತಿ, ಮಿಟುಕಿಸಿದರೆ ಕ್ಷಣ ಕಾಲ ದೃಷ್ಟಿ ಸರಿಹೋಗುವುದು: ಕಣ್ಣು ಒಣಗಿರುವ ಸಾಧ್ಯತೆ ಹೆಚ್ಚು.

ತಡೆಯಲಾರದ ತುರಿಕೆ, ದಾರದಂಥ ಅಂಟು, ಸೀನು, ಪ್ರತಿ ಬೇಸಿಗೆಗೆ ಮರುಕಳಿಸುವುದು: ಅಲರ್ಜಿ. ಶಾಲೆಗೆ ಹೋಗುವ ಗಂಡುಮಕ್ಕಳಲ್ಲಿ ಇದು ಹೆಚ್ಚು. ಅವರು ರಾತ್ರಿ ನಿದ್ದೆಯಲ್ಲೂ ಕಣ್ಣು ಉಜ್ಜುತ್ತಾರೆ. ಉಜ್ಜಿ ಉಜ್ಜಿ ಕಾರ್ನಿಯಾದ ಆಕಾರವೇ ಕೆಡಬಹುದು.

ಹಳದಿ ಗೀಜು, ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುವುದು, ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುವುದು: ಕಣ್ಣುಬೇನೆ, ಅಂದರೆ ಸೋಂಕು.

ವೆಲ್ಡಿಂಗ್ ಬೆಳಕು ನೋಡಿ 6ರಿಂದ 12 ತಾಸಿನ ನಂತರ, ಸಾಮಾನ್ಯವಾಗಿ ನಡುರಾತ್ರಿ, ಒಮ್ಮೆಲೇ ಭಯಂಕರ ಉರಿ ಮತ್ತು ನೀರು: ಇದು ಆ ಬೆಳಕಿನ ಕಿರಣಗಳಿಂದ ಕಾರ್ನಿಯಾದ ಮೇಲ್ಪದರ ಸುಟ್ಟಿರುವುದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮಾಯುತ್ತದೆ, ಆದರೂ ತೋರಿಸಬೇಕು. ಆಸ್ಪತ್ರೆಯಲ್ಲಿ ಪರೀಕ್ಷೆಗೆ ಹಾಕುವ ಮರಗಟ್ಟುವ ಹನಿಯನ್ನು ಮನೆಗೆ ತಂದು ಹಾಕಿಕೊಳ್ಳಲೇಬಾರದು. ನೋವು ಗೊತ್ತಾಗದೆ ಕಾರ್ನಿಯಾ ಕರಗುತ್ತಾ ಹೋಗುತ್ತದೆ.

ಮಲಗುವ ಮುನ್ನ ಏನು ಮಾಡಬೇಕು?

1. ಹೊರಗಿಂದ ಬಂದ ಕೂಡಲೇ ಕೈ, ಮುಖ ತೊಳೆಯಿರಿ. ಕಣ್ಣು ಮುಚ್ಚಿ ರೆಪ್ಪೆಯ ಮೇಲೆ ನೀರು ಹಾಕಿ. ಕಣ್ಣೊಳಗೆ ನಲ್ಲಿ ನೀರು, ಬೋರ್ ನೀರು ಎರಚಬೇಡಿ. ಇರುವ ತೇವದ ಪದರವೂ ತೊಳೆದುಹೋಗುತ್ತದೆ.

2. ಉರಿ ಹಾಗೂ ರೆಪ್ಪೆ ಅಂಚಿನಲ್ಲಿ ಹೊಟ್ಟಿನಂಥ ಪುಡಿ ಇದ್ದರೆ, ಚೊಕ್ಕ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ 5ರಿಂದ 10 ನಿಮಿಷ ಇಡಿ. ಬಟ್ಟೆ ಆರಿದರೆ ಮತ್ತೆ ಅದ್ದಿ. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನ ರೆಪ್ಪೆಯನ್ನು ಮೇಲಕ್ಕೆ ಹಗುರಾಗಿ ಸವರಿ. ಕಟ್ಟಿಕೊಂಡ ಜಿಡ್ಡು ಸಡಿಲಾಗುತ್ತದೆ. ಸೆಕೆಗಾಲದಲ್ಲಿ ಬಿಸಿ ಬಟ್ಟೆಯೇ ಅಂತ ಅನ್ನಿಸಬಹುದು, ಆದರೆ ಜಿಡ್ಡು ಕರಗಲು ಬಿಸಿಯೇ ಬೇಕು. ಬರೀ ತುರಿಕೆ ಇದ್ದರೆ ಮಾತ್ರ ತಣ್ಣನೆ ಬಟ್ಟೆ.

3. ಫ್ಯಾನ್, ಕೂಲರ್ ಗಾಳಿ ಕಾಲಿನ ಕಡೆ ಹೋಗುವಂತೆ ತಿರುಗಿಸಿ. ಕೂಲರ್ ಗಾಳಿಯಲ್ಲಿ ತೇವ ಇದ್ದರೂ ಮುಖಕ್ಕೆ ರಭಸವಾಗಿ ಬಡಿದರೆ ಕಣ್ಣು ಒಣಗುತ್ತದೆ. ಮೇಲೆ ಸೀಲಿಂಗ್ ಫ್ಯಾನ್ ಒಂದೇ ಇದ್ದರೆ, ತಲೆ ಫ್ಯಾನ್‌ನ ನೇರ ಕೆಳಗೆ ಬರದಂತೆ ಮಂಚ ಅಥವಾ ಹಾಸಿಗೆ ಸರಿಸಿ.

4. ಮಲಗುವ ಒಂದು ತಾಸು ಮೊದಲೇ ಮೊಬೈಲ್ ಕೈಬಿಡಿ. ವ್ಯಾಪಾರದ ಲೆಕ್ಕ, ಆರ್ಡರ್ ನೋಡಲೇಬೇಕು ಅಂದರೆ ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರ 20 ಸೆಕೆಂಡ್ ನೋಡಿ, ನಾಲ್ಕೈದು ಸಲ ರೆಪ್ಪೆ ಪೂರ್ತಿ ಮುಚ್ಚಿ ತೆರೆಯಿರಿ. ‘ನೀಲಿ ಬೆಳಕು ತಡೆಯುವ’ ಕನ್ನಡಕಕ್ಕೆ ಹೆಚ್ಚು ದುಡ್ಡು ಕೊಡುವ ಮುನ್ನ ಯೋಚಿಸಿ. ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2023ರ ಕಾಕ್ರೇನ್ ವರದಿಯಲ್ಲಿ ಕಣ್ಣಿನ ದಣಿವಿಗೆ ಅದರಿಂದ ವಿಶೇಷ ಲಾಭ ಕಂಡುಬಂದಿಲ್ಲ.

5. ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ ಹೊಗೆ, ಅಗರಬತ್ತಿ ಹೊಗೆ ಬೇಡ. ಸೊಳ್ಳೆ ಪರದೆ ಕಟ್ಟಿದರೆ ಕಣ್ಣಿಗೂ ಒಳ್ಳೆಯದು.

6. ಹಗಲು ಧೂಳಿನ ಕೆಲಸಕ್ಕೆ ಬದಿ ಮುಚ್ಚಿದ ಕನ್ನಡಕ ಹಾಕಿ. ಬೈಕ್ ಮೇಲೆ ಹೆಲ್ಮೆಟ್ಟಿನ ಗಾಜು ಇಳಿಸಿ. ರಾತ್ರಿಯ ಉರಿಯಲ್ಲಿ ಅರ್ಧ ಹಗಲಲ್ಲೇ ತಪ್ಪುತ್ತದೆ.

ಹನಿ ವಿಷಯ: ಯಾವುದು ಸರಿ, ಯಾವುದು ಅಪಾಯ?

ಕಣ್ಣು ಒಣಗಿದ್ದಕ್ಕೆ ಬೇಕಾಗಿರುವುದು ಕೃತಕ ಕಣ್ಣೀರು, ಅಂದರೆ ತೇವ ಕೊಡುವ ಹನಿ. ಬಾಟಲಿ ಮೇಲೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಥವಾ ಹೈಪ್ರೊಮೆಲೋಸ್ ಅಂತ ಬರೆದಿರುತ್ತದೆ. ಮೊದಲನೆಯದು ಜನೌಷಧಿ ಕೇಂದ್ರಗಳ ಔಷಧಿ ಪಟ್ಟಿಯಲ್ಲೂ ಇದೆ, ಹೊರಗಿನ ಬ್ರ್ಯಾಂಡ್‌ಗಿಂತ ಅಗ್ಗ. ಸಾಮಾನ್ಯ ಬಾಟಲಿಯಲ್ಲಿ ಕೆಡದಂತೆ ಇಡುವ ರಾಸಾಯನಿಕ ಬೆರೆಸಿರುತ್ತಾರೆ, ಹಾಗಾಗಿ ದಿನಕ್ಕೆ 4 ಸಲಕ್ಕಿಂತ ಹೆಚ್ಚು ಬೇಕಾದವರು ಅದು ಇಲ್ಲದ ಹನಿಯ ಬಗ್ಗೆ ವೈದ್ಯರನ್ನು ಕೇಳಬೇಕು. ರಾತ್ರಿ ರೆಪ್ಪೆ ಪೂರ್ತಿ ಮುಚ್ಚದವರಿಗೆ, ಬೆಳಗಿನ ಜಾವ ಉರಿ ಬರುವವರಿಗೆ ದಪ್ಪನೆಯ ಜೆಲ್ ಅಥವಾ ಮುಲಾಮು ಬರೆದುಕೊಡುತ್ತಾರೆ. ಅದು ಹಾಕಿದ ಮೇಲೆ ಸ್ವಲ್ಪ ಹೊತ್ತು ಮಂಜು ಮಂಜಾಗಿ ಕಾಣುವುದರಿಂದ ಹಾಸಿಗೆಗೆ ಹೋದ ಮೇಲೆಯೇ ಹಾಕಿಕೊಳ್ಳಬೇಕು. ಹಾಕಿಕೊಂಡು ಬೈಕ್ ಹತ್ತಬಾರದು.

ಈಗ ಅಪಾಯದ ಮಾತು. ‘ಕೆಂಪು ಬೇಗ ಇಳಿಯೋ ಡ್ರಾಪ್ಸ್ ಕೊಡ್ರಿ’ ಅಂದರೆ ಕೈಗೆ ಬರುವ ಹನಿಗಳಲ್ಲಿ ಸ್ಟೀರಾಯ್ಡ್ ಇರಬಹುದು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಅನ್ನೋ ಹೆಸರು ಬಾಟಲಿ ಮೇಲೆ ಇದೆಯೇ ನೋಡಿ. ಎಷ್ಟೋ ಹನಿಗಳಲ್ಲಿ ಆಂಟಿಬಯೋಟಿಕ್ ಜೊತೆಗೆ ಇವನ್ನು ಬೆರೆಸಿರುತ್ತಾರೆ. ಹಾಕಿದ ಒಂದೆರಡು ದಿನದಲ್ಲೇ ಕೆಂಪು ಮಾಯ, ಉರಿ ಮಾಯ, ನಿದ್ದೆಯೂ ಬರುತ್ತದೆ. ಇದೇ ಕಾರಣಕ್ಕೆ ಜನ ಅದೇ ಬಾಟಲಿಯನ್ನು ತಿಂಗಳುಗಟ್ಟಲೆ ಹಾಕುತ್ತಾ ಹೋಗುತ್ತಾರೆ. ಆದರೆ ಅಳತೆ, ಅವಧಿ ಇಲ್ಲದೆ ಹಾಕಿದ ಸ್ಟೀರಾಯ್ಡ್ ಒಳಗೊಳಗೇ ಕಣ್ಣಿನ ಒತ್ತಡ ಏರಿಸುತ್ತದೆ. ಗ್ಲಾಕೋಮಾ ಆಗಿ ಕಣ್ಣಿನ ನರ ಸಾಯುತ್ತದೆ. ನೋವಿಲ್ಲ, ಸೂಚನೆ ಇಲ್ಲ. ಬದಿಯ ದೃಷ್ಟಿ ಮೊದಲು ಹೋಗಿ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಹೋದ ದೃಷ್ಟಿ ಯಾವ ಆಪರೇಷನ್‌ನಿಂದಲೂ ವಾಪಸ್ ಬರುವುದಿಲ್ಲ. ಪೊರೆಯೂ ಬೇಗ ಬೆಳೆಯುತ್ತದೆ.

ರೈತರಿಗೆ ಇನ್ನೊಂದು ಅಪಾಯ ಇದೆ. ಮೆಕ್ಕೆಜೋಳದ ಗರಿ, ಜೋಳದ ದಂಟು ತಾಗಿ ಕಣ್ಣಿಗೆ ಗಾಯವಾದಾಗ ಶಿಲೀಂಧ್ರದ ಸೋಂಕು ಹತ್ತಬಹುದು. ಅಂಥ ಕಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ಸೋಂಕು ಬೆಂಕಿಯಂತೆ ಹಬ್ಬುತ್ತದೆ. ಹಾಗಂತ ಸ್ಟೀರಾಯ್ಡ್ ಕೆಟ್ಟ ಔಷಧಿ ಅಂತಲ್ಲ. ಕೆಲವು ಕಾಯಿಲೆಗೆ, ಆಪರೇಷನ್ ಆದ ಮೇಲೆ ಅದು ಬೇಕೇ ಬೇಕು. ಆದರೆ ವೈದ್ಯರು ಒತ್ತಡ ಪರೀಕ್ಷಿಸುತ್ತಾ, ದಿನ ಲೆಕ್ಕ ಹಾಕಿ ಕೊಡಬೇಕು. ವೈದ್ಯರು ಸ್ಟೀರಾಯ್ಡ್ ಬರೆದಿದ್ದರೆ ಅರ್ಧಕ್ಕೆ ನೀವಾಗಿಯೇ ನಿಲ್ಲಿಸಬೇಡಿ. ಹಳೇ ಚೀಟಿ ಹಿಡಿದು ಮತ್ತೆ ತಗೊಳ್ಳಲೂ ಬೇಡಿ.

ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್ ಹನಿ ನಮ್ಮ ಕಡೆ ಎಲ್ಲಾ ಮನೆಯ ಗೂಡಲ್ಲೂ ಒಂದು ಇರುತ್ತದೆ. ಅದು ಸೋಂಕಿಗೆ, ಒಣಗಿದ ಕಣ್ಣಿಗೆ ಅದರಿಂದ ಪ್ರಯೋಜನವಿಲ್ಲ. ಕಣ್ಣು ಬೆಳ್ಳಗೆ ಮಾಡುವ ನ್ಯಾಫಜೋಲಿನ್ ಥರದ ಹನಿ ರಕ್ತನಾಳ ಕುಗ್ಗಿಸುತ್ತದೆ ಅಷ್ಟೇ. ಬಿಟ್ಟ ಕೂಡಲೇ ಮೊದಲಿಗಿಂತ ಕೆಂಪಾಗುತ್ತದೆ.

ಮೆಡಿಕಲ್ ಶಾಪ್ ನಡೆಸುವವರಲ್ಲೂ ಒಂದು ಮನವಿ. ಆಂಟಿಬಯೋಟಿಕ್, ಸ್ಟೀರಾಯ್ಡ್ ಹನಿಗಳು ಚೀಟಿ ಇಲ್ಲದೆ ಮಾರುವಂಥವಲ್ಲ. ಗಿರಾಕಿ ಒತ್ತಾಯ ಮಾಡಿದರೂ ‘ಒಮ್ಮೆ ಕಣ್ಣು ತೋರಿಸ್ರಿ’ ಅನ್ನುವ ಒಂದು ಮಾತು ಒಬ್ಬರ ಕಣ್ಣು ಉಳಿಸುತ್ತದೆ.

ಹನಿ ಹಾಕುವ ಕ್ರಮ: ಕೈ ತೊಳೆದು, ಕೆಳಗಿನ ರೆಪ್ಪೆ ಎಳೆದು ಒಂದೇ ಒಂದು ಹನಿ ಸಾಕು. ಬಾಟಲಿ ತುದಿ ಕಣ್ಣಿಗೆ, ಬೆರಳಿಗೆ ತಾಗಬಾರದು. ಆಮೇಲೆ ಒಂದೆರಡು ನಿಮಿಷ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಹಗುರಾಗಿ ಒತ್ತಿ ಹಿಡಿಯಿರಿ. ಎರಡು ಥರದ ಹನಿ ಇದ್ದರೆ ನಡುವೆ 5 ನಿಮಿಷ ಬಿಡಿ. ತೆರೆದ ಬಾಟಲಿಯನ್ನು ಸಾಮಾನ್ಯವಾಗಿ ಒಂದು ತಿಂಗಳಿಗೆ ಎಸೆಯಬೇಕು, ಪೆಟ್ಟಿಗೆ ಮೇಲೆ ಬರೆದಿರುತ್ತದೆ. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಬೇಡ.

ಮನೆಮದ್ದಿನ ಬಗ್ಗೆ

ಎದೆಹಾಲು, ಜೇನುತುಪ್ಪ, ನಿಂಬೆರಸ, ಉಳ್ಳಾಗಡ್ಡಿ ರಸ, ಹರಳೆಣ್ಣೆ, ಸೊಪ್ಪಿನ ರಸ, ಪನ್ನೀರು, ತ್ರಿಫಲ ಕಷಾಯ ಇವನ್ನು ಕಣ್ಣೊಳಗೆ ಹಾಕುವ ರೂಢಿ ಇನ್ನೂ ಇದೆ. ಮನೆಯಲ್ಲಿ ಮಾಡಿದ ಯಾವುದೂ ಕಣ್ಣಿಗೆ ಹಾಕುವಷ್ಟು ಕ್ರಿಮಿಮುಕ್ತ ಆಗಿರುವುದಿಲ್ಲ. ಒಣಗಿದ ಕಾರ್ನಿಯಾ ಮೇಲೆ ಮೊದಲೇ ಸಣ್ಣ ಗಾಯಗಳಿರುತ್ತವೆ, ಅಲ್ಲಿಂದ ಸೋಂಕು ಒಳಹೋಗುತ್ತದೆ. ಹಿರಿಯರು ಹೇಳುವಂತೆ ನಂದಿಬಟ್ಟಲು ಹೂವನ್ನೋ ಸೌತೆಕಾಯಿ ಹೋಳನ್ನೋ ತೊಳೆದು ಮುಚ್ಚಿದ ಕಣ್ಣಿನ ಮೇಲೆ ಇಟ್ಟರೆ ತಂಪು ಅನ್ನಿಸುತ್ತದೆ, ಅದಕ್ಕೆ ತಕರಾರಿಲ್ಲ. ರಸ ಮಾತ್ರ ಒಳಗೆ ಬೀಳಬಾರದು. ನೆತ್ತಿಗೆ ಎಣ್ಣೆ ಹಚ್ಚುವುದೂ ಅಷ್ಟೇ, ಕಣ್ಣಿಗೆ ಇಳಿಯದಿದ್ದರೆ ಸರಿ.

ಮೀನೆಣ್ಣೆ ಕ್ಯಾಪ್ಸೂಲ್ ಕೂಡ ‘ಕಣ್ಣಿಗೆ ಒಳ್ಳೇದು’ ಅಂತ ಮಾರಾಟವಾಗುತ್ತದೆ. ಅಮೆರಿಕದಲ್ಲಿ ಡ್ರೈ ಐ ಇರುವ 500ಕ್ಕೂ ಹೆಚ್ಚು ಜನರಿಗೆ ಒಂದು ವರ್ಷ ಕೊಟ್ಟು ನೋಡಿದ ಪ್ರಯೋಗದಲ್ಲಿ (2018) ಅದು ಆಲಿವ್ ಎಣ್ಣೆಯ ಕ್ಯಾಪ್ಸೂಲ್‌ಗಿಂತ ಹೆಚ್ಚೇನೂ ಕೆಲಸ ಮಾಡಲಿಲ್ಲ.

ನಿದ್ದೆ ಬರಲಿ ಅಂತ ಮಾತ್ರೆ ನುಂಗುವವರಿಗೆ

ನೆಗಡಿ, ಅಲರ್ಜಿಗೆ ಕೊಡುವ ಸಿಟ್ರಿಜಿನ್ ಥರದ ಮಾತ್ರೆಯನ್ನು ‘ಚೆನ್ನಾಗಿ ನಿದ್ದೆ ಬರುತ್ತೆ’ ಅಂತ ತಗೊಳ್ಳುವವರಿದ್ದಾರೆ. ಮಂಪರು ಬರುವುದು ನಿಜ, ಆದರೆ ಈ ಗುಂಪಿನ ಮಾತ್ರೆಗಳು ಬಾಯಿ ಒಣಗಿಸುವಂತೆ ಕಣ್ಣನ್ನೂ ಒಣಗಿಸುತ್ತವೆ. ಬೆಳಿಗ್ಗೆ ಎದ್ದಾಗ ಉರಿ ಹೆಚ್ಚೇ. ನಿದ್ದೆಗೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್, ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು. ಬಿಪಿ ಮಾತ್ರೆಯನ್ನು ಕಣ್ಣುರಿ ಅಂತ ನಿಲ್ಲಿಸಬೇಡಿ. ಕಣ್ಣಿನ ವೈದ್ಯರ ಹತ್ತಿರ ಹೋಗುವಾಗ ನೀವು ತಗೊಳ್ಳುವ ಎಲ್ಲಾ ಮಾತ್ರೆಯ ಪಟ್ಟಿ ಅಥವಾ ಸ್ಟ್ರಿಪ್ ಒಯ್ಯಿರಿ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

• ತಡೆಯಲಾರದ ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಒಮ್ಮೆಲೇ ಮಂಜಾಗುವುದು.
• ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ.
• ಒಂದೇ ಕಣ್ಣು ಕೆಂಪಾಗಿ, ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು. ಇದು ಕಣ್ಣಿನ ಒತ್ತಡ ಒಮ್ಮೆಲೇ ಏರಿದ ಲಕ್ಷಣ, ಬೆಳಗಾಗುವ ತನಕ ಕಾಯಬಾರದು.
• ಗರಿ, ಕಡ್ಡಿ, ಕಬ್ಬಿಣದ ಕಿಡಿ ಬಡಿದ ಮೇಲೆ ಶುರುವಾದ ಉರಿ.
• ಸುಣ್ಣ, ಆಸಿಡ್, ಕೀಟನಾಶಕ ಬಿದ್ದರೆ ಮೊದಲು ಚೊಕ್ಕ ನೀರಲ್ಲಿ ಕನಿಷ್ಠ 15 ನಿಮಿಷ ಎಡೆಬಿಡದೆ ತೊಳೆದು, ಆಮೇಲೆ ಆಸ್ಪತ್ರೆ. ‘ಕಣ್ಣೊಳಗೆ ನೀರು ಎರಚಬೇಡಿ’ ಅನ್ನೋದು ಇಲ್ಲಿ ಅನ್ವಯಿಸುವುದಿಲ್ಲ.
• ಮಗುವಿಗೆ ಸಂಜೆ ಕತ್ತಲಲ್ಲಿ ಕಣ್ಣು ಕಾಣದಿರುವುದು, ಬಿಳಿಗುಡ್ಡೆ ಒಣಗಿ ಹೊಳಪು ಕಳೆದುಕೊಳ್ಳುವುದು. ಇದು ವಿಟಮಿನ್ ಎ ಕೊರತೆ ಇರಬಹುದು. 9 ತಿಂಗಳಿಂದ 5 ವರ್ಷದ ತನಕ ಕೊಡುವ ವಿಟಮಿನ್ ಎ ದ್ರಾವಣ ತಪ್ಪಿಸಬೇಡಿ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಕಣ್ಣಿನ ಜೊತೆ ಬಾಯಿಯೂ ಒಣಗಿ, ರೊಟ್ಟಿ ನುಂಗಲು ನೀರು ಬೇಕೇ ಬೇಕು ಅನ್ನುವಂತಾಗಿ, ಕೀಲುಗಳೂ ನೋಯುತ್ತಿದ್ದರೆ ಅದು ಮೈಯೊಳಗಿನ ಬೇರೆ ಕಾಯಿಲೆಯ ಗುರುತಾಗಿರಬಹುದು. ತುರ್ತು ಇಲ್ಲದಿದ್ದರೂ ತೋರಿಸಲೇಬೇಕು.

ಎಲ್ಲಿ ತೋರಿಸಬೇಕು? ಏನು ಪರೀಕ್ಷೆ ಮಾಡುತ್ತಾರೆ?

ನಮ್ಮ ಕಡೆ ‘ಕಣ್ಣಿನ ಆಸ್ಪತ್ರೆ’ ಅಂದರೆ ಪೊರೆ ಆಪರೇಷನ್ ಅಂತಲೇ ಜನರ ಲೆಕ್ಕ. ಅದಕ್ಕೆ ಕಾರಣವೂ ಇದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ (1916–2005) ಊರೂರಿಗೆ ಶಿಬಿರ ಒಯ್ದು ಲಕ್ಷಾಂತರ ಜನರಿಗೆ ಆಪರೇಷನ್ ಮಾಡಿದರು. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಬಂದ ಮೇಲೆ ಉಚಿತ ಶಿಬಿರಗಳು ಮಾಮೂಲಿಯಾದವು. ಹಾಗಾಗಿ ‘ಪೊರೆ ಬಂದಿಲ್ಲವಲ್ಲ, ಯಾಕೆ ಹೋಗೋದು’ ಅನ್ನುವ ಮನಸ್ಸು. ಉರಿಗೂ, ನಿದ್ದೆಗೆಡುವುದಕ್ಕೂ ಕಣ್ಣು ತೋರಿಸಬಹುದು, ತೋರಿಸಬೇಕು.

ಮೊದಲು ನಿಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ನೇತ್ರಾಧಿಕಾರಿ ಯಾವ ದಿನ ಸಿಗುತ್ತಾರೆ ಅಂತ ಮೊದಲೇ ಕೇಳಿಕೊಂಡು ಹೋದರೆ ಒಂದು ದಿನದ ಕೂಲಿ, ವ್ಯಾಪಾರ ಉಳಿಯುತ್ತದೆ. ಹೆಚ್ಚಿನ ಪರೀಕ್ಷೆ ಬೇಕಾದರೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಜನರ ಬಾಯಲ್ಲಿ ಈಗಲೂ ವಿಮ್ಸ್), ಹರಪನಹಳ್ಳಿ, ಕೊಟ್ಟೂರು ಕಡೆಯವರಿಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇವೆ. ಸಲಹೆಗೆ ಆರೋಗ್ಯ ಸಹಾಯವಾಣಿ 104, ತುರ್ತಿಗೆ 108.

ಪರೀಕ್ಷೆಯಲ್ಲಿ ನೋವೇನೂ ಇಲ್ಲ. ಕೆಳರೆಪ್ಪೆಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. ತೇವ 10 ಮಿಲಿಮೀಟರ್‌ಗಿಂತ ಕಡಿಮೆ ಇಳಿದಿದ್ದರೆ ಕಣ್ಣೀರು ಸಾಲದು ಅಂತ ಅರ್ಥ. ಹಳದಿ ಬಣ್ಣದ ದ್ರಾವಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿ, ತೇವದ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಎಂದು ಎಣಿಸುತ್ತಾರೆ. 10 ಸೆಕೆಂಡಿಗಿಂತ ಬೇಗ ಒಡೆದರೆ ತೊಂದರೆ ಇದೆ. ರೆಪ್ಪೆಯ ಗ್ರಂಥಿಗಳನ್ನೂ ನೋಡುತ್ತಾರೆ. ‘ರಾತ್ರಿ ಉರಿಗೆ ನಿದ್ದೆ ಬರಲ್ಲ, ಬೆಳಿಗ್ಗೆ ಇಂಥ ಹೊತ್ತಿಗೆ ಜಾಸ್ತಿ’ ಅಂತ ಬಿಡಿಸಿ ಹೇಳಿ. ಬರೀ ‘ಕಣ್ಣು ಕೆಂಪಾಗೈತಿ’ ಅಂದರೆ ಅವರಿಗೂ ಅರ್ಧ ವಿಷಯ ತಪ್ಪುತ್ತದೆ. ಈಗಾಗಲೇ ಹಾಕಿಕೊಳ್ಳುತ್ತಿರುವ ಬಾಟಲಿಯನ್ನು ಮುಚ್ಚಿಡದೆ ತೋರಿಸಿ.

ಸಾಮಾನ್ಯ ಪ್ರಶ್ನೆಗಳು

ಎಷ್ಟು ದಿನದಲ್ಲಿ ಸರಿಹೋಗುತ್ತದೆ?
ಹನಿ ಹಾಕಿದ ಕೂಡಲೇ ಸ್ವಲ್ಪ ಹಾಯೆನಿಸುತ್ತದೆ. ಆದರೆ ರೆಪ್ಪೆಯ ಜಿಡ್ಡು ಸರಿಯಾಗಲು ಕೆಲವು ವಾರ ಬೇಕು. ಫ್ಯಾನ್, ಮೊಬೈಲ್, ಹನಿ ಎಲ್ಲಾ ಸರಿಮಾಡಿಯೂ ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ತೋರಿಸಿ.

ಕೃತಕ ಕಣ್ಣೀರು ಅಭ್ಯಾಸವಾಗಿಬಿಡುತ್ತದೆಯೇ?
ಇಲ್ಲ. ಅದು ಚಟ ಹಿಡಿಸುವ ಔಷಧಿಯಲ್ಲ. ಬೇಕಾದಷ್ಟು ದಿನ ಹಾಕಬಹುದು.

ಹೆಚ್ಚು ನೀರು ಕುಡಿದರೆ ಸಾಕೇ?
ಬಿಸಿಲಲ್ಲಿ ದುಡಿಯುವವರು ನೀರು, ಮಜ್ಜಿಗೆ ಕುಡಿಯಲೇಬೇಕು. ಅದರಿಂದಲೇ ರೆಪ್ಪೆಯ ಜಿಡ್ಡಿನ ತೊಂದರೆ ಹೋಗುವುದಿಲ್ಲ.

ಉರಿ ಹೋದರೂ ನಿದ್ದೆ ಬರುತ್ತಿಲ್ಲ?
ಆಗ ಕಾರಣ ಬೇರೆ ಇರಬಹುದು. ಸಂಜೆ ಮೇಲಿನ ಚಹಾ, ಚಿಂತೆ, ಗೊರಕೆ, ಶುಗರ್‌ನಿಂದ ಪದೇ ಪದೇ ಮೂತ್ರಕ್ಕೆ ಏಳುವುದು, ಇವನ್ನೂ ವೈದ್ಯರ ಹತ್ತಿರ ಹೇಳಿ.

(ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಕಣ್ಣಿಗೆ ಯಾವ ಹನಿ, ಎಷ್ಟು ದಿನ ಅನ್ನೋದನ್ನು ಕಣ್ಣು ನೋಡಿದ ವೈದ್ಯರೇ ಹೇಳಬೇಕು.)